ಕಡಲ್ಗಳ್ಳನಲ್ಲ, ಪರವಾನಗಿ ಪಡೆದವನು

ಮಾನ್ಯರೇ,

ತಮ್ಮ ಪತ್ರ ತಲುಪಿತು. ಹಿಂದಿನ ಸಂಚಿಕೆಯಲ್ಲಿ ಹಾಯಿಹಡಗುಗಳ ಕಾಲದ ಯುದ್ಧಗಳನ್ನು ಕುರಿತ ಲೇಖನಕ್ಕೆ ನಾವು ಹಾಕಿದ ಚಿತ್ರವೊಂದರ ಅಡಿಯಲ್ಲಿ ‘ಫ್ರೆಂಚ್ ಕಡಲ್ಗಳ್ಳ ತ್ಯೂರೋನ ಹಡಗು’ ಎಂದು ಅಚ್ಚಾಗಿತ್ತು. ದೊರೆಯ ಅಪ್ಪಣೆ ಪಡೆದು ಶತ್ರುವಿನ ಹಡಗನ್ನು ಹಿಡಿಯುವವನು ಕಳ್ಳನಾಗುವುದು ಹೇಗೆ, ಹಾಗಿದ್ದರೆ ಆ ಹಡಗು ದೊರೆಯದೋ ವರ್ತಕರದೋ, ಕೊನೆಗೆ ಅದು ಏನಾಯಿತು ಎಂದು ತಾವು ಕೇಳಿದ್ದೀರಿ. ಆ ಅಡಿಬರಹ ಬರೆದವನು ನಾನೇ. ಜಾಗ ಸಾಲಲಿಲ್ಲ ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ‘ಕಡಲ್ಗಳ್ಳ’ ಎಂಬ ಪದ ಕೈಗೆ ಸುಲಭವಾಗಿ ಸಿಕ್ಕಿತು, ಬರೆದುಬಿಟ್ಟೆ.

ಫ್ರಾನ್ಸಿನಲ್ಲಿ ಈ ಕಸುಬಿಗೆ ಕಟ್ಟುನಿಟ್ಟಾದ ಕಾನೂನಿತ್ತು. 1681ರ ನೌಕಾ ಶಾಸನದ ಪ್ರಕಾರ, ಯುದ್ಧಕಾಲದಲ್ಲಿ ಶತ್ರುವಿನ ಹಡಗುಗಳನ್ನು ಬೇಟೆಯಾಡಲು ಹೊರಡುವ ಖಾಸಗಿ ಹಡಗಿನ ಮಾಲೀಕರು ಪರವಾನಗಿ ಪತ್ರ ಪಡೆಯಬೇಕಾಗಿತ್ತು ಮಾತ್ರವಲ್ಲ, ತಮ್ಮವರು ಅಡ್ಡದಾರಿ ಹಿಡಿಯುವುದಿಲ್ಲ ಎಂಬುದಕ್ಕೆ ಆಗಿನ ಫ್ರೆಂಚ್ ನಾಣ್ಯದಲ್ಲಿ 15,000 ಲೀವ್ರ್‌ಗಳವರೆಗೆ ಜಾಮೀನನ್ನೂ ಕೊಡಬೇಕಾಗಿತ್ತು. ಹಿಡಿದ ಹಡಗನ್ನು ಕಂಡ ಬಂದರಿನಲ್ಲಿ ಮಾರಿಕೊಳ್ಳುವಂತಿರಲಿಲ್ಲ. ಅದರ ಕಾಗದಪತ್ರಗಳನ್ನು ನೋಡಿ, ನಾವಿಕರ ಹೇಳಿಕೆ ಪಡೆದು, ಅದು ನಿಜವಾಗಿಯೂ ಶತ್ರುವಿನ ಆಸ್ತಿ ಎಂದು ಅಧಿಕಾರಿಗಳು ತೀರ್ಮಾನಿಸಿದ ಮೇಲೆಯೇ ಹರಾಜು. ಬಂದ ಹಣದಲ್ಲಿ ಮೂರನೇ ಎರಡು ಪಾಲು ಹಡಗು ಸಜ್ಜುಗೊಳಿಸಿದವರಿಗೆ, ಉಳಿದ ಒಂದು ಪಾಲು ನಾಯಕ ಮತ್ತು ನಾವಿಕರಿಗೆ. ಹೀಗೆ ಜಾಮೀನು, ವಿಚಾರಣೆ, ಲೆಕ್ಕ ಎಲ್ಲವೂ ಇದ್ದ ವೃತ್ತಿ ಅದು. ಪರವಾನಗಿ ಇದ್ದವನು ಸೆರೆ ಸಿಕ್ಕರೆ ಯುದ್ಧಕೈದಿ; ಅದಿಲ್ಲದೆ ಅದೇ ಕೆಲಸ ಮಾಡಿದವನಿಗೆ ಗಲ್ಲು. 1856ರ ಪ್ಯಾರಿಸ್ ಘೋಷಣೆಯಲ್ಲಿ ಯುರೋಪಿನ ದೊಡ್ಡ ರಾಜ್ಯಗಳು ಈ ಪದ್ಧತಿಯನ್ನು ಕೈಬಿಡುವವರೆಗೂ ವ್ಯತ್ಯಾಸವೆಲ್ಲ ಆ ಕಾಗದದಲ್ಲಿಯೇ ಇತ್ತು.

ಫ್ರಾನ್ಸ್ವಾ ತ್ಯೂರೋ ಹುಟ್ಟಿದ್ದು 1727ರಲ್ಲಿ, ಸಮುದ್ರದಿಂದ ಬಹುದೂರದ ಬರ್ಗಂಡಿಯಲ್ಲಿ. ವೈದ್ಯ ವೃತ್ತಿ ಕಲಿಯುತ್ತಿದ್ದವನು 1744ರಲ್ಲಿ ಡಂಕರ್ಕ್‌ನ ಇಂಥದೇ ಒಂದು ಬೇಟೆ ಹಡಗಿಗೆ ಶಸ್ತ್ರವೈದ್ಯನಾಗಿ ಹತ್ತಿ ಇಂಗ್ಲಿಷರಿಗೆ ಸೆರೆಸಿಕ್ಕ. ಸಣ್ಣ ದೋಣಿಯೊಂದರಲ್ಲಿ ಒಬ್ಬನೇ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲ್ಗಾಲುವೆ ದಾಟಿ ತಪ್ಪಿಸಿಕೊಂಡು ಬಂದ ಎನ್ನುತ್ತಾರೆ. ಬ್ರಿಟನ್ ಮತ್ತು ಫ್ರಾನ್ಸ್ ಎದುರುಬದುರಾದ ಏಳು ವರ್ಷಗಳ ಯುದ್ಧ ಆರಂಭವಾದ ಬಳಿಕ, 1757ರಲ್ಲಿ, ಅವನ ಕೈಗೆ ಬಂದದ್ದು 44 ಫಿರಂಗಿಗಳ ‘ಮಾರೆಶಾಲ್ ದ ಬೆಲ್ ಈಲ್’ ಎಂಬ ಫ್ರಿಗೇಟ್, ಅಂದರೆ ವೇಗವಾಗಿ ಸಾಗುವ ಯುದ್ಧಹಡಗು. ಮರುವರ್ಷ ಯುದ್ಧಮಂತ್ರಿಯಾದ ದಳಪತಿಯ ಹೆಸರು ಅದಕ್ಕೆ. ಹೆಸರು ಆಸ್ಥಾನದ್ದು, ಬಂಡವಾಳ ಖಾಸಗಿಯವರದು. ದೊರೆಯದೋ ವರ್ತಕರದೋ ಎಂಬ ತಮ್ಮ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟವಾಗಿರುವುದು ಇದರಿಂದಲೇ.

1757ರ ಜುಲೈನಲ್ಲಿ ಅದು ಸ್ಯಾಂ ಮಾಲೋ ಬಂದರಿನಿಂದ ಇನ್ನೊಂದು ಫ್ರಿಗೇಟ್ ಮತ್ತು ಎರಡು ಸಣ್ಣ ಹಡಗುಗಳೊಡನೆ ಹೊರಟಿತು. ಮೊದಲ ಯಾನದಲ್ಲಿ ಶತ್ರುವಿಗಿಂತ ಬಿರುಗಾಳಿಯೇ ಹೆಚ್ಚು ಕಾಡಿತು. ಹಾಯಿಕಂಬಗಳನ್ನು ಕಳೆದುಕೊಂಡು ನಾರ್ವೆಯಲ್ಲಿಯೂ ಸ್ವೀಡನ್ನಿನಲ್ಲಿಯೂ ಆಶ್ರಯ ಪಡೆಯಬೇಕಾಯಿತು. ಆದರೂ 1758ರ ಮೇ ತಿಂಗಳಿನಲ್ಲಿ, ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ರೆಡ್ ಹೆಡ್ ಎಂಬಲ್ಲಿ, ಬ್ರಿಟಿಷ್ ನೌಕಾಪಡೆಯ ‘ಡಾಲ್ಫಿನ್’ ಮತ್ತು ‘ಸೋಲ್‌ಬೇ’ ಎರಡನ್ನೂ ಅದು ಏಕಾಂಗಿಯಾಗಿ ಎದುರಿಸಿ ಪಾರಾಯಿತು. ವರ್ತಕಹಡಗುಗಳ ಬೇಟೆಗೆಂದು ಹೊರಟ ಹಡಗೊಂದು ಹೀಗೆ ಎರಡು ಯುದ್ಧನೌಕೆಗಳ ಮುಂದೆ ನಿಂತು ಕಾದುವುದು ಅಪರೂಪ. ಫಿರಂಗಿಯೇಟಿನಿಂದ ಹೂಡಿಕೆದಾರನಿಗೆ ಲಾಭವೇನೂ ಇಲ್ಲ.

ಮುಂದಿನ ವರ್ಷ ಅದರ ಪಾತ್ರವೇ ಬದಲಾಯಿತು. ಬ್ರಿಟನ್ನಿನ ಮೇಲೆ ದಂಡೆತ್ತಿ ಹೋಗಲು ಫ್ರೆಂಚ್ ಸರ್ಕಾರ ಸಿದ್ಧವಾಗುತ್ತಿತ್ತು. ಶತ್ರುವಿನ ಗಮನವನ್ನು ಉತ್ತರಕ್ಕೆ ಸೆಳೆಯುವ ಕೆಲಸ ತ್ಯೂರೋನ ಪಾಲಿಗೆ ಬಂತು. 1759ರ ಅಕ್ಟೋಬರ್ 15ರಂದು ಐದು ಫ್ರಿಗೇಟ್‌ಗಳು ಸಾವಿರಕ್ಕೂ ಹೆಚ್ಚು ಸೈನಿಕರೊಡನೆ ಡಂಕರ್ಕ್‌ನಿಂದ ಹೊರಟವು. ಗೋಥೆನ್‌ಬರ್ಗ್, ಬರ್ಗೆನ್, ಫೆರೋ ದ್ವೀಪಗಳು ಎಂದು ಚಳಿಗಾಲವೆಲ್ಲ ಸುತ್ತಿ ಐರ್ಲೆಂಡಿನ ಕಡೆಗೆ ಇಳಿಯುವಷ್ಟರಲ್ಲಿ ಉಳಿದದ್ದು ಮೂರು. ಅಕ್ಕಿಯಿಲ್ಲದ ಮನೆಯಂತಾಗಿದ್ದವು ಆ ಹಡಗುಗಳು. 1760ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಇಳಿದು ದನಗಳನ್ನೂ ಆಹಾರವನ್ನೂ ಪಡೆದಾಗ ತ್ಯೂರೋ ಹಣ ಕೊಡಿಸಿದ. ಫ್ರಾನ್ಸಿನ ಪಶ್ಚಿಮ ಕರಾವಳಿಯ ಕೀಬ್ರೋಂ ಕೊಲ್ಲಿಯಲ್ಲಿ ಅದರ ಮುಖ್ಯ ನೌಕಾಬಲ ನವೆಂಬರ್ 20ರಂದೇ ನುಚ್ಚುನೂರಾದ ಸುದ್ದಿ ಅವನಿಗೆ ತಿಳಿದದ್ದೂ ಅಲ್ಲಿಯೇ. ತಾನು ಯಾರ ದಂಡಯಾತ್ರೆಗೆ ನೆರವಾಗಬೇಕಿತ್ತೋ ಅದು ಮೂರು ತಿಂಗಳ ಹಿಂದೆಯೇ ಮುಗಿದುಹೋಗಿತ್ತು. (ಅದೇ ಯುದ್ಧದ ಇನ್ನೊಂದು ಕಾಳಗ ತಮಿಳುನಾಡಿನ ವಂದವಾಸಿಯಲ್ಲಿ ಫ್ರೆಂಚ್ ಸೇನಾಪತಿ ಲಾಲಿಯ ಸೋಲಿನೊಡನೆ ಮುಗಿದು ಆಗ ಒಂದು ತಿಂಗಳೂ ಆಗಿರಲಿಲ್ಲ.)

ಫೆಬ್ರವರಿ 21ರಂದು ಸುಮಾರು 600 ಫ್ರೆಂಚರು ಐರ್ಲೆಂಡಿನ ಕ್ಯಾರಿಕ್‌ಫರ್ಗಸ್ ಪಟ್ಟಣದ ಬಳಿ ಇಳಿದರು. ಕೋಟೆಯ ಗೋಡೆ ಒಂದೆಡೆ ಆಗಲೇ ಕುಸಿದಿತ್ತು. ಒಳಗಿದ್ದ ಬ್ರಿಟಿಷ್ ಕರ್ನಲ್ ಜೆನ್ನಿಂಗ್ಸ್‌ನ ಸುಮಾರು 200 ಸೈನಿಕರಲ್ಲಿ ಹೆಚ್ಚಿನವರು ಹೊಸಬರು. ಗುಂಡು ಮುಗಿದಾಗ ಅಂಗಿಯ ಗುಂಡಿಗಳನ್ನೇ ಕಿತ್ತು ಬಂದೂಕಿಗೆ ತುಂಬಿದರು, ಅದೂ ತೀರಿದ ಮೇಲೆ ಕಲ್ಲು, ಇಟ್ಟಿಗೆ ಎಸೆದರು. ಬೀದಿಯಲ್ಲಿ ಗುಂಡು ಹಾರುತ್ತಿದ್ದಾಗ ಎರಡೂ ಕಡೆಯವರ ನಡುವೆ ಒಂದು ಮಗು ಬಂದುಬಿಟ್ಟಿತಂತೆ. ಫ್ರೆಂಚ್ ಸೈನಿಕನೊಬ್ಬ ಬಂದೂಕು ಕೆಳಗಿಟ್ಟು, ಮಗುವನ್ನೆತ್ತಿ ಮನೆಯೊಂದಕ್ಕೆ ಮುಟ್ಟಿಸಿ, ಮರಳಿ ಬಂದು ಬಂದೂಕು ಹಿಡಿದನಂತೆ. ಊರಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ ಇದು.

ಇಷ್ಟಾದರೂ ತ್ಯೂರೋನನ್ನು ‘ಸಜ್ಜನ ಯೋಧ’ ಎಂದು ತಾವು ಕರೆದಿರುವುದನ್ನು ನಾನು ಪೂರ್ತಿ ಒಪ್ಪಲಾರೆ. ಶರಣಾಗತಿಯ ಕರಾರಿನಲ್ಲಿ ಪಟ್ಟಣವನ್ನು ಲೂಟಿ ಮಾಡುವುದಿಲ್ಲ ಎಂದಿತ್ತು, ಆದರೆ ಅದಕ್ಕೆ ಪ್ರತಿಯಾಗಿ ನೆರೆಯ ಪಟ್ಟಣವಾದ ಬೆಲ್‌ಫಾಸ್ಟ್ ಆಹಾರ ಪೂರೈಸಬೇಕಿತ್ತು. ಅದು ತಡವಾದಾಗ ಬೆದರಿಕೆಯೂ ಬಂತು, ಮನೆಗಳೂ ಲೂಟಿಯಾದವು. ಪರವಾನಗಿ ಅವನನ್ನು ಕಳ್ಳರ ಪಟ್ಟಿಯಿಂದ ಹೊರಗಿಟ್ಟಿತು; ಹಸಿದ ಸೈನಿಕರ ಕೈಯನ್ನು ಅದು ಹಿಡಿಯಲಿಲ್ಲ.

ಐದು ದಿನಗಳ ಬಳಿಕ ಮೂರು ಹಡಗುಗಳೂ ಲಂಗರು ಎತ್ತಿದವು. ಫೆಬ್ರವರಿ 28ರ ಬೆಳಿಗ್ಗೆ, ಐಲ್ ಆಫ್ ಮ್ಯಾನ್ ದ್ವೀಪದ ಸಮೀಪದಲ್ಲಿ, ಬ್ರಿಟಿಷ್ ನೌಕಾನಾಯಕ ಜಾನ್ ಎಲಿಯಟ್‌ನ ‘ಇಯೋಲಸ್’, ಅದರ ಜೊತೆಗೆ ‘ಪ್ಯಾಲಸ್’ ಮತ್ತು ‘ಬ್ರಿಲಿಯಂಟ್’ ಅವುಗಳನ್ನು ಅಡ್ಡಗಟ್ಟಿದವು. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಯಿತು. ಬ್ರಿಟಿಷರಲ್ಲಿ ಸತ್ತವರು 5, ಗಾಯಗೊಂಡವರು 31. ಫ್ರೆಂಚರ ಕಡೆ ಸತ್ತವರು, ಗಾಯಗೊಂಡವರು ಸುಮಾರು 300. ಗುಂಡೇಟಿಗೆ ಸಿಕ್ಕಿ ಸತ್ತ ತ್ಯೂರೋನಿಗೆ ಆಗ 32 ವರ್ಷ. ಕಡಲಿಗೆ ಹಾಕಿದ ಅವನ ದೇಹ ಸ್ಕಾಟ್ಲೆಂಡಿನ ತೀರಕ್ಕೆ ಬಂದು ಬಿತ್ತು; ಅಲ್ಲಿನ ಜಮೀನುದಾರ ಸರ್ ವಿಲಿಯಂ ಮ್ಯಾಕ್ಸ್‌ವೆಲ್ ಅದನ್ನು ಕರ್ಕ್‌ಮೇಡನ್ ಚರ್ಚಿನ ಅಂಗಳದಲ್ಲಿ ಗೌರವದಿಂದ ಹೂಳಿಸಿದ. ಶತ್ರುವಿನ ನೆಲದಲ್ಲಿ ಕಡಲ್ಗಳ್ಳನಿಗೆ ಸಿಗುತ್ತಿದ್ದ ಅಂತ್ಯ ಇದಲ್ಲ. ತಮ್ಮ ಆಕ್ಷೇಪ ಸರಿ ಎನ್ನಲು ನನಗೆ ಇದೊಂದೇ ಸಾಕು.

ಹಡಗಿನ ಗತಿ ಕೇಳಿದ್ದಿರಿ. ನೀರು ನುಗ್ಗಿ ಮುಳುಗುವಂತಾಗಿದ್ದ ಅದನ್ನು ಹೇಗೋ ಐಲ್ ಆಫ್ ಮ್ಯಾನ್‌ನ ರ‍್ಯಾಮ್ಸಿ ಕೊಲ್ಲಿಗೆ ಎಳೆದು ತಂದರು. ಅದರ ಮೂತಿಯಿಂದ ಮುಂದಕ್ಕೆ ಚಾಚಿಕೊಂಡಿರುತ್ತಿದ್ದ ಕಂಬ ಕಾಳಗದಲ್ಲಿ ಮುರಿದು ದ್ವೀಪದ ದಡ ಸೇರಿತ್ತು. ಬಿಷಪ್ ಹಿಲ್ಡ್ಸ್‌ಲಿ ಅದನ್ನು ತನ್ನ ನಿವಾಸದ ಬಳಿಯ ದಿಬ್ಬದ ಮೇಲೆ ನೆಡಿಸಿ, ಗೆದ್ದ ಹಡಗಿನ ನೆನಪಿಗೆ ಆ ದಿಬ್ಬವನ್ನು ‘ಮೌಂಟ್ ಇಯೋಲಸ್’ ಎಂದು ಕರೆದ.

ನಮ್ಮ ಚಿತ್ರದ ಅಡಿಬರಹವನ್ನು ಹೀಗೆ ಓದಿಕೊಳ್ಳಬೇಕಾಗಿ ವಿನಂತಿ: ‘ಫ್ರೆಂಚ್ ದೊರೆಯ ಪರವಾನಗಿ ಪಡೆದಿದ್ದ ನಾಯಕ ತ್ಯೂರೋನ ಹಡಗು’.

— ಸಂಪಾದಕ