ಓದುಗರ ಪ್ರಶ್ನೆ: ಹಿನ್ನೀರಿನಲ್ಲಿ ಕನೂ ನಡೆಸಲು ಹಂಗಾಮು ಯಾವುದು?

ಪ್ರಶ್ನೆ: ನಮ್ಮ ಊರು ಬೀಳಗಿ ತಾಲ್ಲೂಕಿನಲ್ಲಿ, ಆಲಮಟ್ಟಿ ಹಿನ್ನೀರಿನ ಅಂಚಿನಲ್ಲಿದೆ. ಸಾಲ ಮಾಡಿ ಆರು ಕನೂ ದೋಣಿಗಳನ್ನು ಕೊಂಡು, ಹುಟ್ಟು, ಲೈಫ್ ಜಾಕೆಟ್, ಟೆಂಟುಗಳ ಸಮೇತ ಬಾಡಿಗೆಗೆ ಕೊಡುವ ಹಾಗೂ ತಂಡಗಳನ್ನು ಒಂದು ರಾತ್ರಿಯ ಪ್ರವಾಸಕ್ಕೆ ಕರೆದೊಯ್ಯುವ ಉದ್ಯೋಗ ಆರಂಭಿಸಿದ್ದೇನೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಜನ ಬರುತ್ತಾರೆ. ಶಿವರಾತ್ರಿ ಕಳೆಯುತ್ತಲೇ ನೀರು ಹಿಂದೆ ಸರಿದು, ದೋಣಿ ಇಳಿಸುವ ಜಾಗವೆಲ್ಲ ರಾಡಿಯಾಗುತ್ತದೆ. ಸಾಲದ ಕಂತು ಮಾತ್ರ ಹನ್ನೆರಡು ತಿಂಗಳೂ ತಪ್ಪುವುದಿಲ್ಲ. ಆಗಸ್ಟಿನಲ್ಲಿ ಜಲಾಶಯ ತುಂಬಿದ ಕೂಡಲೇ ಶುರು ಮಾಡಿ ಮೇ ರಜೆಯವರೆಗೂ ನಡೆಸುವ ದಾರಿ ಇದೆಯೇ?

ಉತ್ತರ: ಆಗಸ್ಟ್ ಖಂಡಿತ ಬೇಡ. ಮೇ ತಿಂಗಳವರೆಗೆ ನಡೆಸಬಹುದು, ಆದರೆ ಈಗ ನಡೆಸುತ್ತಿರುವ ರೀತಿಯಲ್ಲಿ ಅಲ್ಲ.

ತುಂಬಿದ ಜಲಾಶಯ ನೋಡಲು ಶಾಂತವಾಗಿರುತ್ತದೆ. ಆದರೆ ಮಳೆಗಾಲದಲ್ಲಿ ಅದು ನಿಂತ ನೀರಲ್ಲ. ಆಲಮಟ್ಟಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಆ ಮಟ್ಟದಲ್ಲಿ ಸಂಗ್ರಹ ಸುಮಾರು 123 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಒಂದು ಲಕ್ಷ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ ಒಳಹರಿವು ಒಂದು ದಿನ ಇದ್ದರೆ 8.64 ಟಿಎಂಸಿ ನೀರು ಬಂದಂತಾಗುತ್ತದೆ, ಜಲಾಶಯ ತುಂಬಿದ್ದರೆ ಅಷ್ಟನ್ನೂ ಗೇಟುಗಳ ಮೂಲಕ ಹೊರಬಿಡಲೇಬೇಕು. ಆಗ ಹಿನ್ನೀರಿನ ನಡುಭಾಗ ಹೊಳೆಯೇ ಆಗಿ, ಬುಡಸಮೇತ ಕಿತ್ತು ಬಂದ ಮರಗಳು, ಹರಿದ ಬಲೆಗಳು, ಜಲಕಳೆಯ ರಾಶಿಗಳು ತೇಲಿ ಬರುತ್ತವೆ. ನಮ್ಮ ಭಾಗದ ಆಕಾಶ ನೋಡಿ ಇದನ್ನು ಅಳೆಯಲು ಆಗುವುದಿಲ್ಲ. ಬಾಗಲಕೋಟೆಯಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾದರೆ, ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ 5,000 ಮಿ.ಮೀ. ಮೀರಿ ಸುರಿಯುತ್ತದೆ, ನಿಮ್ಮ ಊರಿನಲ್ಲಿ ಬಿಸಿಲು ಹೊಡೆಯುತ್ತಿರುವ ದಿನವೇ ಮೇಲ್ಭಾಗದ ಅಣೆಕಟ್ಟುಗಳಾದ ಕೊಯ್ನಾದಿಂದಲೋ ಹಿಡಕಲ್‌ನಿಂದಲೋ ಬಿಟ್ಟ ನೀರು ನಿಮ್ಮತ್ತ ಹೊರಟಿರಬಹುದು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಒಟ್ಟಿಗೆ ಉಕ್ಕಿದ್ದನ್ನು ನಿಮ್ಮ ಊರಿನವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಸ್ವಾತಂತ್ರ್ಯ ದಿನದ ರಜೆಗೆ ಎಷ್ಟೇ ಬುಕಿಂಗ್ ಕೇಳಿಬಂದರೂ ಒಪ್ಪಿಕೊಳ್ಳಬೇಡಿ. ಅಣೆಕಟ್ಟಿನ ಕೆಳಗೆ ಕೂಡಲಸಂಗಮದ ಕಡೆಯ ಹೊಳೆಯಲ್ಲಂತೂ ಗೇಟು ತೆರೆದಿರುವ ಕಾಲದಲ್ಲಿ ದೋಣಿ ಇಳಿಸುವ ಮಾತೇ ಬೇಡ.

ಹಾಗಾದರೆ ತೆರೆಯುವುದು ಯಾವಾಗ? ತಾರೀಖು ಗೊತ್ತುಮಾಡಬೇಡಿ, ಷರತ್ತು ಗೊತ್ತುಮಾಡಿ: ಗೇಟುಗಳು ಮುಚ್ಚಿ, ವಾರದ ಮಟ್ಟಿಗಾದರೂ ಒಳಹರಿವು ಇಳಿಮುಖವಾಗಿದ್ದ ಮೇಲೆಯೇ ಮೊದಲ ದೋಣಿ ಇಳಿಯಬೇಕು. ಸಾಮಾನ್ಯವಾಗಿ ಅದು ಅಕ್ಟೋಬರಿಗೆ ಬರುತ್ತದೆ. ಆಗಲೂ ಹಸ್ತ, ಚಿತ್ತಾ ಮಳೆಗಳು ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಕಟ್ಟಿಕೊಂಡು ಬರುವುದರಿಂದ, ಆ ತಿಂಗಳಲ್ಲಿ ಬೆಳಗಿನ ಪ್ರವಾಸ ಮಾತ್ರ ಇಟ್ಟುಕೊಂಡು, ರಾತ್ರಿ ತಂಗುವುದನ್ನು ನವೆಂಬರಿಗೆ ಬಿಡುವುದು ಒಳ್ಳೆಯದು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವನ್ನು ನೀವೇ ಚೆನ್ನಾಗಿ ನಡೆಸುತ್ತಿದ್ದೀರಿ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆರಕಲ್ ಸುತ್ತಿನ ಹಿನ್ನೀರಿಗೆ ರಾಜಹಂಸಗಳು ಬರುವ ಕಾಲವೂ ಇದೇ. ಸದ್ದಿಲ್ಲದ ದೋಣಿ ಎಂದು ಗಿರಾಕಿಗಳು ಹಿಂಡಿನ ಸಮೀಪಕ್ಕೆ ಹೋಗಲು ಒತ್ತಾಯಿಸಿದರೆ ನಿರಾಕರಿಸಿ.

ನಿಮ್ಮ ನಿಜವಾದ ಸಮಸ್ಯೆ ಮಾರ್ಚಿನಿಂದ ಶುರುವಾಗುತ್ತದೆ. ಕಾಲುವೆಗಳಿಗೆ ನೀರು ಹರಿದಂತೆ ಮಟ್ಟ ಇಳಿಯುತ್ತದೆ. ನೆಲ ಸಪಾಟಾಗಿರುವ ಕಡೆ ಮಟ್ಟ ಒಂದು ಮೀಟರ್ ಇಳಿದರೂ ದಡ ಬಹಳ ದೂರ ಸರಿಯುತ್ತದೆ. ನಡುವೆ ಉಳಿಯುವುದು ಎರೆಮಣ್ಣು: ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲಿನವರೆಗೆ ಹೂತು ಚಪ್ಪಲಿಯನ್ನು ಅಲ್ಲಿಯೇ ಇಟ್ಟುಕೊಳ್ಳುತ್ತದೆ. ಹಲಗೆ, ತೆಂಗಿನ ನಾರಿನ ಚಾಪೆ ಹಾಸಿ ಕೆಲವು ವಾರ ತಳ್ಳಬಹುದು. ಅದಕ್ಕಿಂತ ಗರಸು ನೆಲವೋ ಕಲ್ಲುನೆಲವೋ ಇದ್ದು, ಹಳೆಯ ಹೊಳೆಯ ಪಾತ್ರ ದಡಕ್ಕೆ ಹತ್ತಿರವಾಗಿರುವ ಇನ್ನೊಂದು ಜಾಗವನ್ನು ಬೇಸಿಗೆಗೆಂದೇ ಗೊತ್ತುಮಾಡಿಕೊಳ್ಳಿ. ಅಂಥ ಜಾಗಗಳು ನಿಮ್ಮ ಊರಿನ ಅಂಬಿಗರಿಗೆ ಗೊತ್ತಿರುತ್ತವೆ. ಅವರಲ್ಲಿ ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಂಡರೆ ಬಲೆ ಹಾಕಿರುವ ಜಾಗವೂ ತಿಳಿಯುತ್ತದೆ, ಬಲೆ ಹರಿಯಿತೆಂಬ ಜಗಳವೂ ತಪ್ಪುತ್ತದೆ.

ನೀರು ಇಳಿದ ಕಾಲವನ್ನು ನಷ್ಟದ ಕಾಲವೆಂದು ಮಾತ್ರ ನೋಡಬೇಡಿ. ಹಿನ್ನೀರಿನ ತಳದಲ್ಲಿ ಮುಳುಗಿದ ಊರುಗಳ ಗೋಡೆಗಳು, ಬಾವಿಗಳ ಕಟ್ಟೆಗಳು, ಜಾಲಿಯ ಬೊಡ್ಡೆಗಳು ಇವೆ, ಅವು ಬೇಸಿಗೆಯಲ್ಲಿ ತಲೆಯೆತ್ತುತ್ತವೆ. ಒಂದು ಗೋಡೆಯ ನೆತ್ತಿ ನೀರಿಗೆ ಸಮನಾಗಿ ಕಂಡ ದಿನ ಮೊಬೈಲಿನಲ್ಲಿ ಆ ಜಾಗವನ್ನು ಗುರುತು ಮಾಡಿ, ಪತ್ರಿಕೆಯಲ್ಲಿ ಬರುವ ಅಂದಿನ ಜಲಾಶಯ ಮಟ್ಟವನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಆ ಮಟ್ಟ 512.40 ಎಂದಿಟ್ಟುಕೊಳ್ಳೋಣ. ಮುಂದೆ ಮಟ್ಟ 513.00 ಇದ್ದ ದಿನ ಆ ಗೋಡೆ 60 ಸೆಂ.ಮೀ. ಆಳದಲ್ಲಿರುತ್ತದೆ, ಸಾಮಾನು ತುಂಬಿದ ಕನೂ ಕೂಡ ನಿರಾತಂಕವಾಗಿ ದಾಟುತ್ತದೆ; 512.50 ಇದ್ದ ದಿನ 10 ಸೆಂ.ಮೀ. ನೀರಿನಡಿ ಕಣ್ಣಿಗೆ ಕಾಣದೆ ಕುಳಿತು ದೋಣಿಯ ತಳವನ್ನು ಸೀಳುತ್ತದೆ. ಎರಡು ಬೇಸಿಗೆ ಹೀಗೆ ಬರೆದಿಟ್ಟ ಪುಸ್ತಕಕ್ಕೆ ಹೊಸ ದೋಣಿಗಿಂತ ಹೆಚ್ಚು ಬೆಲೆ ಎಂಬುದು ನನ್ನ ಅಭಿಪ್ರಾಯ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಹೊರಟು ಒಂಬತ್ತರೊಳಗೆ ದಡ ಸೇರುವ ಚಿಕ್ಕ ಪ್ರವಾಸ ಮಾತ್ರ ಇಡಿ, ದರವನ್ನೂ ಅದಕ್ಕೆ ತಕ್ಕಂತೆ ಇಳಿಸಿ. ದಡದಲ್ಲಿ ಟೆಂಟು ಹಾಕುವುದನ್ನು ಪೂರ್ತಿ ನಿಲ್ಲಿಸಬೇಕು. ಕೃಷ್ಣೆಯಲ್ಲಿ ಮೊಸಳೆಗಳಿವೆ. ಬೇಸಿಗೆಯಲ್ಲಿ ಅವು ದಡದ ಮಣ್ಣಿನಲ್ಲಿಯೇ ಮೊಟ್ಟೆಯಿಟ್ಟು ಕಾಯುತ್ತವೆ. ಚಳಿಗಾಲದಲ್ಲಿ ಅವು ಬಿಸಿಲು ಕಾಯಿಸಲು ಮಲಗುವ ದಿಬ್ಬಗಳಿಂದಲೂ ದೂರವಿರಿ. ಮುಸ್ಸಂಜೆಯಲ್ಲಿ ಯಾರೂ ಈಜಲು ಇಳಿಯದಂತೆ ನೋಡಿಕೊಳ್ಳಿ.

ಆದಾಯ ಹೆಚ್ಚಿಸಲು ದಡದಲ್ಲಿ ಕಾಯಂ ಕೋಣೆ ಕಟ್ಟುವ ಯೋಚನೆ ಇದ್ದರೆ ಕೈಬಿಡಿ. ಜಲಾಶಯವನ್ನು ನೋಡಿಕೊಳ್ಳುವುದು ಕೃಷ್ಣಾ ಭಾಗ್ಯ ಜಲ ನಿಗಮ. ಅದರ ಲಿಖಿತ ಅನುಮತಿ ದೋಣಿ ನಡೆಸಲೂ ಬೇಕು. ಅಲ್ಲದೆ ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿಗೆ ನೀಡಿದೆ, ಅದು ಜಾರಿಗೆ ಬಂದರೆ ಇಂದಿನ ದಡ ನೀರಿನೊಳಗೆ ಹೋಗುತ್ತದೆ. ಸಾಲದ ವಿಷಯದಲ್ಲಿ, ಬ್ಯಾಂಕಿನವರೊಡನೆ ಮಾತನಾಡಿ, ಹಂಗಾಮಿನ ತಿಂಗಳುಗಳಲ್ಲಿ ಹೆಚ್ಚು ಕಂತು, ಮಳೆಗಾಲದಲ್ಲಿ ಬಡ್ಡಿ ಮಾತ್ರ ಎಂಬ ಏರ್ಪಾಟು ಸಾಧ್ಯವೇ ಎಂದು ಕೇಳಿ ನೋಡಿ.

ಪ್ರಶ್ನೆ: ಹಿಡಕಲ್ ಹಿನ್ನೀರಿನಲ್ಲಿ ಇದೇ ಉದ್ಯೋಗ ಮಾಡುತ್ತೇನೆ. ಬೆಳಗಾವಿಯಿಂದ ಬಂದ ತಂಡವೊಂದು ಗಾಳಿಯ ಕಾರಣ ದೋಣಿ ಬಿಡದ ದಿನ ಪೂರ್ತಿ ಹಣ ವಾಪಸು ಕೇಳಿ ಗಲಾಟೆ ಮಾಡಿತು. ಏನು ನಿಯಮ ಇಡಲಿ? (ಹುಕ್ಕೇರಿ ತಾಲ್ಲೂಕಿನ ಓದುಗರು)

ಉತ್ತರ: ನೀವು ನಿಲ್ಲಿಸಿದರೆ ಪೂರ್ತಿ ಹಣ ಅಥವಾ ಬೇರೆ ದಿನ, ಆಯ್ಕೆ ಅವರದು, ಅವರಾಗಿ ಬಾರದಿದ್ದರೆ ಮುಂಗಡ ನಿಮ್ಮದು. ಇದನ್ನು ರಸೀದಿಯಲ್ಲಿಯೇ ಕನ್ನಡ, ಮರಾಠಿ ಎರಡರಲ್ಲೂ ಅಚ್ಚು ಹಾಕಿಸಿ. ಪೂರ್ತಿ ಹಣ ಮರಳಿಸುವುದು ನಿಮಗೆ ಭಾರವೆನಿಸಬಹುದು, ಆದರೆ ಹಣ ಉಳಿಸುವ ಆಸೆಗೆ ಗಾಳಿಯಲ್ಲಿ ದೋಣಿ ಬಿಡುವ ಪ್ರಸಂಗ ಬರಬಾರದು. ಕನೂವಿನ ಎರಡೂ ತುದಿ ಎತ್ತರವಾಗಿರುವುದರಿಂದ ಅಡ್ಡಗಾಳಿ ಅದನ್ನು ಸುಲಭವಾಗಿ ತಿರುಗಿಸುತ್ತದೆ, ಮುಂದೆ ಭಾರವಿಲ್ಲದಿದ್ದರೆ ಇನ್ನೂ ಸುಲಭ. ನೀರಿನ ಮೇಲೆ ಬಿಳಿನೊರೆಯ ಅಲೆ ಕಾಣಿಸಿದರೆ ದೋಣಿ ಇಳಿಸಬಾರದು. ಮಗುಚಿದರೆ ಈಜಿ ದಡ ಸೇರಲು ಹೋಗದೆ ದೋಣಿಯನ್ನೇ ಹಿಡಿದುಕೊಂಡಿರಬೇಕು ಎಂಬುದನ್ನು ಹೊರಡುವ ಮೊದಲೇ ಪ್ರತಿಯೊಬ್ಬರಿಗೂ ಹೇಳಿ. ಎರಡೂ ತುದಿಗಳಲ್ಲಿ ಗಾಳಿ ತುಂಬಿದ ಚೀಲಗಳನ್ನು ಕಟ್ಟಿದ್ದರೆ ನೀರು ತುಂಬಿದ ದೋಣಿಯೂ ತೇಲುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ದೋಣಿಗಳನ್ನು ಹೇಗೆ ಇಡಬೇಕು? (ನಿಡಗುಂದಿ ತಾಲ್ಲೂಕಿನ ಓದುಗರು)

ಉತ್ತರ: ಬೋರಲು ಹಾಕಿ, ನೆಲಕ್ಕೆ ತಾಗದಂತೆ ಎರಡು ಅಡ್ಡಮರಗಳ ಮೇಲೆ, ನೆರಳಿನಲ್ಲಿ ಇಡಿ. ಪ್ಲಾಸ್ಟಿಕ್ ದೋಣಿಗೆ ಮಳೆಗಿಂತ ಬಿಸಿಲೇ ಶತ್ರು. ಫೈಬರ್ ದೋಣಿಯ ಬಿರುಕುಗಳನ್ನು ಮಳೆ ಬರುವ ಮೊದಲು, ಗಾಳಿ ಒಣಗಿರುವಾಗಲೇ ತೇಪೆ ಹಾಕಿಸಿ. ಪಾಲಿಎಥಿಲೀನ್ ದೋಣಿಗೆ ಫೈಬರಿನ ರೆಸಿನ್ ಅಂಟುವುದಿಲ್ಲ, ಬಿಸಿ ಮಾಡಿ ಬೆಸುಗೆ ಹಾಕಿಸಬೇಕು. ಲೈಫ್ ಜಾಕೆಟ್‌ಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ತೂಗುಹಾಕಿ, ಹೊಸ ಹಂಗಾಮು ಆರಂಭವಾಗುವ ಮೊದಲು ಪ್ರತಿಯೊಂದನ್ನೂ ಒಬ್ಬರಿಗೆ ತೊಡಿಸಿ ಆಳವಿಲ್ಲದ ನೀರಿನಲ್ಲಿ ತೇಲಿಸಿ ನೋಡಿ. ಬೋರಲು ದೋಣಿಯ ಅಡಿಯಲ್ಲಿ ಹಾವು, ಚೇಳು ಸೇರಿಕೊಳ್ಳುತ್ತವೆ. ಎತ್ತುವಾಗ ಕೈ ಒಳಗೆ ಹಾಕದೆ ಮೊದಲು ಕೋಲಿನಿಂದ ಎಬ್ಬಿಸಿ.