ಸೈಕೆಡೆಲಿಕ್, ಫೋಕ್, ಜ್ಯಾಂಗಲ್ ಪಾಪ್: ಹೊಸ ಆಲ್ಬಂಗಳನ್ನು ಎಲ್ಲಿಂದ ಹುಡುಕಬೇಕು?

1960ರ ದಶಕದ ಅಮೆರಿಕದ ಬರ್ಡ್ಸ್ ತಂಡದ ಹಳೆಯ ಹಾಡುಗಳಿಗೆ ಮನಸೋತಿದ್ದೀರೆಂದೂ, ಅಂಥ ಗಿಟಾರ್ ನಾದವಿರುವ ಹೊಸ ಸಂಗೀತವನ್ನು ಈಗ ಯಾರು ಮಾಡುತ್ತಿದ್ದಾರೆಂದು ತಿಳಿಯುತ್ತಿಲ್ಲವೆಂದೂ, ಆ್ಯಪ್‌ಗಳು ಅದೇ ಹಾಡುಗಳನ್ನು ಮತ್ತೆ ಮತ್ತೆ ಮುಂದಿಡುತ್ತವೆಂದೂ ಬರೆದಿದ್ದೀರಿ. ಮಡಿಕೇರಿಯ ಸಮೀಪದ ಹಳ್ಳಿಯಲ್ಲಿದ್ದುಕೊಂಡು ಈ ಸಂಗೀತವನ್ನು ಬಹಳ ಕಾಲದಿಂದ ಕೇಳುತ್ತ ಬಂದಿರುವ ನಾನು ಹೇಳುವುದಿಷ್ಟು: ತಂಡಗಳ ಹೆಸರನ್ನು ಒಂದೊಂದಾಗಿ ಹುಡುಕುವುದಕ್ಕಿಂತ, ಅವುಗಳ ಆಲ್ಬಂ ಹೊರತರುವ ಸಣ್ಣ ಲೇಬಲ್‌ಗಳನ್ನು ಗಮನಿಸುತ್ತ ಹೋಗಿ.

ಮೊದಲು ನಿಮ್ಮನ್ನು ಸೆಳೆದ ಆ ನಾದದ ವಿಚಾರ. 1965ರಲ್ಲಿ ಬರ್ಡ್ಸ್ ತಂಡದ ರೋಜರ್ ಮೆಗ್ವಿನ್ ನುಡಿಸಿದ್ದು ರಿಕೆನ್‌ಬ್ಯಾಕರ್ ಕಂಪನಿಯ ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರ್. ಅದರಲ್ಲಿ ತಂತಿಗಳು ಆರು ಜೋಡಿಗಳಾಗಿರುತ್ತವೆ. ಕೆಳಸ್ವರದ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ತನ್ನ ಜೊತೆಯದಕ್ಕಿಂತ ಒಂದು ಸ್ಥಾಯಿ ಮೇಲಿರುತ್ತದೆ, ಉಳಿದ ಎರಡು ಜೋಡಿಗಳು ಒಂದೇ ಸ್ವರಕ್ಕೆ ಶ್ರುತಿಗೊಂಡಿರುತ್ತವೆ. ಧ್ವನಿಮುದ್ರಣದಲ್ಲಿ, ಸದ್ದಿನ ಏರಿಳಿತವನ್ನು ತಗ್ಗಿಸುವ ಕಂಪ್ರೆಸರ್ ಬಳಸಿದ್ದರಿಂದ ಮೀಟಿನ ಮೊದಲ ಏಟು ತಗ್ಗಿ, ಸ್ವರದ ಉಳಿಕೆ ಮೇಲೆದ್ದು, ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದು ಅದರೊಳಗೆ ಬೆರೆಯುತ್ತದೆ. ಇಂಥ ಕಿಣಿಕಿಣಿ ಗಿಟಾರ್ ನಾದದ ಪಾಪ್ ಸಂಗೀತಕ್ಕೇ ಜ್ಯಾಂಗಲ್ ಪಾಪ್ ಎನ್ನುವುದು. ಈ ನಾದವನ್ನು ಒಮ್ಮೆ ಗುರುತಿಸಿಕೊಂಡರೆ, ಮುಂದೆ ಯಾವ ದೇಶದ ಯಾವ ತಂಡದಲ್ಲಿ ಕೇಳಿಸಿದರೂ ಕಿವಿ ತಾನೇ ಹಿಡಿಯುತ್ತದೆ.

ಲೇಬಲ್‌ಗಳ ಮಾತಿಗೆ ಬರುತ್ತೇನೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 1981ರಲ್ಲಿ ಆರಂಭವಾದ ಫ್ಲೈಯಿಂಗ್ ನನ್, ಡ್ಯುನೆಡಿನ್‌ನಂಥ ಸಣ್ಣ ಊರಿನ ಕ್ಲೀನ್, ಚಿಲ್ಸ್ ಮೊದಲಾದ ತಂಡಗಳನ್ನು ಜಗತ್ತಿಗೆ ಕೇಳಿಸಿತು. ಕ್ಲೀನ್ ತಂಡದ ಆರಂಭದ ಹಾಡುಗಳಲ್ಲಿ ಕೆಲವು ನಾಲ್ಕೇ ಟ್ರ್ಯಾಕಿನ ಟೇಪ್ ಯಂತ್ರದಲ್ಲಿ ಮುದ್ರಣಗೊಂಡವು. ದೊಡ್ಡ ಸ್ಟುಡಿಯೋದಿಂದ ದೂರವಿರುವುದು ಕೊರತೆಯೇನಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಅಮೆರಿಕದಲ್ಲಿ 1989ರಿಂದ ನಡೆಯುತ್ತಿರುವ ಸ್ಲಂಬರ್‌ಲ್ಯಾಂಡ್ ಇನ್ನೊಂದು. 2024ರಲ್ಲಿ ಅದು ಸ್ಯಾನ್ ಫ್ರಾನ್ಸಿಸ್ಕೋದ ಅಂಬ್ರೆಲಾಸ್ ತಂಡದ ‘ಫೇರ್‌ವೆದರ್ ಫ್ರೆಂಡ್’ ಆಲ್ಬಂ ಹೊರತಂದಿತು. ನಿಮ್ಮಂಥವರು ಮೊದಲು ಕೇಳಬೇಕಾದದ್ದು ಅದನ್ನೇ. ಒಳ್ಳೆಯ ಲೇಬಲ್ ನಡೆಸುವವರು ಕಾಫಿಯ ರುಚಿ ನೋಡಿ ದರ್ಜೆ ಹೇಳುವವರ ಹಾಗೆ. ಅವರ ನಾಲಿಗೆಯನ್ನು ಒಮ್ಮೆ ನಂಬಿದರೆ, ಹೆಸರೇ ಕೇಳದ ತೋಟದ ಬೀಜವನ್ನೂ ಧೈರ್ಯವಾಗಿ ಕೊಳ್ಳಬಹುದು.

ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನ ಇಬ್ಬರು ಸಹೋದರರ ಲೆಮನ್ ಟ್ವಿಗ್ಸ್ ತಂಡ 1960ರ ದಶಕದ ಪಾಪ್ ಗಾಯನಕ್ಕೆ ಇನ್ನೂ ಹತ್ತಿರವಾಗಿದೆ. ಒಮ್ಮೊಮ್ಮೆ ಅತಿಯಾಗಿ ಹತ್ತಿರ ಎಂದೂ ನನಗೆ ಅನ್ನಿಸುತ್ತದೆ. ವಿಚಿತ್ರ ನಾದಗಳಿಂದ ಕನಸಿನಂಥ ಅನುಭವ ಹುಟ್ಟಿಸುವ ಸೈಕೆಡೆಲಿಕ್ ಸಂಗೀತದ ಬಗ್ಗೆ ಹೆಚ್ಚು ಹೇಳಲಾರೆ. ಪ್ರತಿಧ್ವನಿಯನ್ನು ಧಾರಾಳವಾಗಿ ಸುರಿದು ದುರ್ಬಲವಾದ ರಾಗವನ್ನು ಮರೆಮಾಡುವ ಆಲ್ಬಂಗಳು ಈಗ ಹೆಚ್ಚಾಗಿ ಬರುತ್ತಿವೆ.

ಆದರೆ ಫೋಕ್‌ನಲ್ಲಿ ನಿಜವಾದ ದೊಡ್ಡ ಕೆಲಸ ನಡೆದಿದೆ. ಲಾಸ್ ಏಂಜಲೀಸ್‌ನ ಜೆಸಿಕಾ ಪ್ರ್ಯಾಟ್ ಅವರ ನಾಲ್ಕನೆಯ ಆಲ್ಬಂ ‘ಹಿಯರ್ ಇನ್ ದ ಪಿಚ್’ 2024ರ ಮೇ ತಿಂಗಳಲ್ಲಿ ಬಂತು. ಒಂಬತ್ತು ಹಾಡುಗಳು, ಅರ್ಧ ಗಂಟೆಗೂ ಕಡಿಮೆ. ಮೊದಲೆಲ್ಲ ಹೆಚ್ಚಾಗಿ ನೈಲಾನ್ ತಂತಿಯ ಗಿಟಾರ್ ಮತ್ತು ತಮ್ಮ ಕಂಠವನ್ನೇ ನಂಬಿದ್ದ ಅವರು ಇಲ್ಲಿ ಡ್ರಮ್ಸ್ ಮತ್ತು ಕೀಬೋರ್ಡ್‌ಗಳನ್ನು ಸೇರಿಸಿದ್ದಾರೆ, ಆದರೂ ಒಂದು ವಾದ್ಯವೂ ಕಂಠದ ಮೇಲೆ ಏರುವುದಿಲ್ಲ. ನಾಲ್ವರು ಹಾಡುಗಾರರು ದುಡಿ ಎಂಬ ಸಣ್ಣ ಚರ್ಮವಾದ್ಯ ಬಡಿಯುತ್ತ, ಬೇರೆ ಯಾವ ವಾದ್ಯದ ನೆರವೂ ಇಲ್ಲದೆ, ದೀರ್ಘವಾದ ಕಥೆಯನ್ನು ಹಾಡಿ ಮುಗಿಸುವುದನ್ನು ಕೇಳುತ್ತ ಬೆಳೆದ ಕೊಡಗಿನವರಿಗೆ ಈ ಸಂಯಮದ ಬೆಲೆ ಬೇಗ ತಿಳಿಯುತ್ತದೆಂದು ನಾನು ನಂಬಿದ್ದೇನೆ. ಗದ್ದಲದ ನಡುವೆ ಇದನ್ನು ಕೇಳಬೇಡಿ. ಇಯರ್‌ಫೋನ್ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ಕೇಳಿ.

ಭಾರತದವರನ್ನೂ ಬಿಡಬೇಡಿ. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಎಂಬ ತಂಡದ 2024ರ ಆಲ್ಬಂ ‘ಬೀಟಾ’ ಜ್ಯಾಂಗಲ್ ಪಾಪ್ ಅಲ್ಲವಾದರೂ, ಸೈಕೆಡೆಲಿಕ್ ಗುಣವನ್ನು ಹಾಡಿನ ರಚನೆಯೊಳಗೇ ತಂದಿರುವ ಕೃತಿ. ಕೋಲ್ಕತ್ತಾದ ಪಾರೇಖ್ ಅಂಡ್ ಸಿಂಗ್ ಜೋಡಿ ಇನ್ನೂ ಮೃದುವಾದ ಪಾಪ್ ಬಯಸುವವರಿಗೆ ಸರಿ.

ಕೊಳ್ಳುವುದಕ್ಕೆ, ಕಲಾವಿದರೂ ಲೇಬಲ್‌ಗಳೂ ನೇರವಾಗಿ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣ ನನಗೆ ಮೆಚ್ಚುಗೆಯಾಗಿದೆ. ಡಿಜಿಟಲ್ ಮಾರಾಟದಲ್ಲಿ ಅದರ ಪಾಲು ಸಾಮಾನ್ಯವಾಗಿ ಶೇಕಡಾ 15. 2020ರಿಂದ ಆಯ್ದ ಕೆಲವು ಶುಕ್ರವಾರಗಳಂದು ಆ ಪಾಲನ್ನೂ ಕಲಾವಿದರಿಗೇ ಬಿಟ್ಟುಕೊಡುತ್ತದೆ. ಅಲ್ಲಿ ಲೇಬಲ್‌ಗಳ ಪುಟವನ್ನು ಫಾಲೋ ಮಾಡಿದರೆ ಹೊಸ ಆಲ್ಬಂ ಬಂದ ಕೂಡಲೇ ಇಮೇಲ್ ಬರುತ್ತದೆ. ಕೊಂಡ ಹಾಡುಗಳನ್ನು ಫೈಲ್ ರೂಪದಲ್ಲಿ ಇಳಿಸಿಕೊಳ್ಳಬಹುದಾದ್ದರಿಂದ, ಜೂನ್‌ನಿಂದ ಕರೆಂಟೂ ನೆಟ್‌ವರ್ಕೂ ಕೈಕೊಡುವ ನಮ್ಮ ಕಡೆಯವರಿಗೆ ಇದೇ ಅನುಕೂಲ. ಮೇ ತಿಂಗಳಲ್ಲೇ ಇಳಿಸಿ ಫೋನಿನಲ್ಲಿ ಇಟ್ಟುಕೊಳ್ಳಿ.