ಮಾಷ್ಟ್ರನ್ನು ಕೇಳಿ: ಸಾಹೇಬರು ಹೊರಟಾಗ ಶೇಖ್‌ಗಳು ಏನು ಮಾಡಿದರು?

(ಹೋದ ಸಂಚಿಕೆಯಲ್ಲಿ ಕೊಲ್ಲಿ ದೇಶಗಳ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ಉಡುಪಿ, ಮಂಗಳೂರು ಕಡೆಯಿಂದ ರಾಶಿ ಪತ್ರ ಬಂದಿವೆ. ಬಾರದೆ ಇರುತ್ತವಾ? ನಮ್ಮಲ್ಲಿ ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಮನೆ ಹುಡುಕುವುದು ಕಷ್ಟ. ಹಾಗಾಗಿ ಈ ಸಲ ಅದೇ ವಿಷಯ.)

ಪ್ರಶ್ನೆ: ಮಾಷ್ಟ್ರೇ, ನನ್ನ ಮಾವ 1964ರಲ್ಲಿ ದುಬೈಗೆ ಹೋದವರು. ಅಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು, ಕೇಸು ಗೀಸು ಆದರೆ ಬ್ರಿಟಿಷ್ ಆಫೀಸಿಗೆ ಹೋಗಬೇಕಿತ್ತು ಅನ್ನುತ್ತಾರೆ. ಹಾಗಾದರೆ ಊರು ಯಾರದ್ದು? (ಕುಂದಾಪುರದ ಓದುಗರು)

ಉತ್ತರ: ಮಾವ ಹೇಳಿದ್ದು ಸರಿ. ಊರು ಶೇಖ್‌ನದ್ದೇ, ಹೊರಗಿನ ವ್ಯವಹಾರ ಮಾತ್ರ ಬ್ರಿಟಿಷರದ್ದು. ಸಮುದ್ರದಲ್ಲಿ ಹಡಗು ದೋಚುವುದಿಲ್ಲ ಅಂತ 1820ರಲ್ಲಿ ಆ ಕರಾವಳಿಯ ಶೇಖ್‌ಗಳಿಂದ ಸಹಿ ಹಾಕಿಸಿಕೊಂಡರು. 1853ರಲ್ಲಿ ಸಮುದ್ರದ ಮೇಲೆ ಪರಸ್ಪರ ಕಾದಾಡುವುದನ್ನೂ ಶಾಶ್ವತವಾಗಿ ನಿಲ್ಲಿಸಿದರು. 1892ರಲ್ಲಿ ಇನ್ನೂ ಬಿಗಿ ಮಾಡಿದರು. ಬ್ರಿಟಿಷರನ್ನು ಬಿಟ್ಟು ಬೇರೆ ದೇಶದ ಜೊತೆ ಮಾತುಕತೆ ಇಲ್ಲ, ಬೇರೆಯವರಿಗೆ ತುಂಡು ಜಾಗ ಕೊಡುವ ಹಾಗಿಲ್ಲ. ಬದಲಿಗೆ ಅವರಿಂದ ರಕ್ಷಣೆ.

1947ರ ತನಕ ಇದನ್ನೆಲ್ಲ ನೋಡಿಕೊಂಡದ್ದು ಭಾರತದ ಬ್ರಿಟಿಷ್ ಸರ್ಕಾರ. ಮೈಸೂರಿಗೆ, ಹೈದರಾಬಾದಿಗೆ ಬ್ರಿಟಿಷರ ಪ್ರತಿನಿಧಿಯಾಗಿ ಒಬ್ಬ ರೆಸಿಡೆಂಟ್ ಇದ್ದ ಹಾಗೆ ಕೊಲ್ಲಿಗೂ ಒಬ್ಬ ಇದ್ದ. ಮೊದಲು ಇರಾನಿನ ಬುಶೇರ್‌ನಲ್ಲಿ, 1946ರಿಂದ ಬಹರೇನ್‌ನಲ್ಲಿ. ಅವನ ಕೈಕೆಳಗೆ ಅಲ್ಲಲ್ಲಿ ಪೊಲಿಟಿಕಲ್ ಏಜೆಂಟರು. ಹೊರಗಿನವರ ಕೇಸು ಈ ಏಜೆಂಟರ ಕೋರ್ಟಿಗೆ ಹೋಗುತ್ತಿತ್ತು. ನಿಮ್ಮ ಮಾವನ 'ಬ್ರಿಟಿಷ್ ಆಫೀಸು' ಅದೇ.

ಇನ್ನು ರೂಪಾಯಿ. ಚಿನ್ನದ ಕಳ್ಳಸಾಗಣೆಯಲ್ಲಿ ನಮ್ಮ ನೋಟು ಅಲ್ಲಿಗೆ ಹರಿದು ಹೋಗಿ ವಿದೇಶಿ ವಿನಿಮಯ ಕರಗುತ್ತಿತ್ತು. ಅದಕ್ಕೆ ರಿಸರ್ವ್ ಬ್ಯಾಂಕ್ 1959ರಲ್ಲಿ ಕೊಲ್ಲಿಗೆ ಅಂತಲೇ ಬೇರೆ ನೋಟು ಹೊರಡಿಸಿತು. ಬಂದರಿನ ಬಳಿ ಹಳೆ ನೋಟು ಕೂಡಿಡುವ ಗೆಳೆಯರೊಬ್ಬರು ಹತ್ತರ ನೋಟು ತೋರಿಸಿದ್ದರು. ಚಿತ್ರವೆಲ್ಲ ನಮ್ಮದೇ, ಬಣ್ಣ ಮಾತ್ರ ಕೆಂಪು, ನಂಬರಿನ ಮುಂದೆ ಝಡ್ ಅಕ್ಷರ. 1966ರ ಜೂನ್‌ನಲ್ಲಿ ನಾವು ರೂಪಾಯಿ ಬೆಲೆ ಇಳಿಸಿದ್ದೇ, ದುಬೈಯೂ ಕತಾರೂ 'ನಿಮ್ಮ ಸಹವಾಸ ಸಾಕು' ಅಂತ ಸೇರಿ ಬೇರೆ ರಿಯಾಲ್ ಮಾಡಿಕೊಂಡವು.

ಪ್ರಶ್ನೆ: ಒಡೆದು ಆಳಿದವರು ಹೋಗುವಾಗ ಏಳು ಶೇಖ್‌ಗಳನ್ನು ಒಟ್ಟುಗೂಡಿಸಿ ಯುಎಇ (ಸಂಯುಕ್ತ ಅರಬ್ ಎಮಿರೇಟ್ಸ್) ಮಾಡಿದ್ದು ಹೇಗೆ? (ಸುರತ್ಕಲ್‌ನ ವಿದ್ಯಾರ್ಥಿನಿ)

ಉತ್ತರ: ಒಟ್ಟುಗೂಡಿಸಿದ್ದು ಬ್ರಿಟಿಷರು ಅಂತ ನಾನು ಒಪ್ಪುವುದಿಲ್ಲಮ್ಮ. ಕತೆ ಕೇಳು.

1967ರ ನವೆಂಬರ್‌ನಲ್ಲಿ ಗೊರಾನ್ವಿ ರಾಬರ್ಟ್ಸ್ ಎಂಬ ಬ್ರಿಟಿಷ್ ಮಂತ್ರಿ ಕೊಲ್ಲಿಗೆ ಬಂದು, ಒಬ್ಬೊಬ್ಬ ಶೇಖ್‌ನನ್ನೂ ಕಂಡು 'ನಾವೆಲ್ಲೂ ಹೋಗುವುದಿಲ್ಲ, ಧೈರ್ಯವಾಗಿರಿ' ಅಂದರು. ಅದೇ ತಿಂಗಳು ಪೌಂಡಿನ ಬೆಲೆ ಇಳಿಸಬೇಕಾಗಿ ಬಂತು. ಲಂಡನ್‌ನಲ್ಲಿ ಖರ್ಚು ಕಡಿತ ಶುರು. ಜನವರಿಯಲ್ಲಿ ಅದೇ ರಾಬರ್ಟ್ಸ್ ಅದೇ ಬಾಗಿಲಿಗೆ ಬಂದು, 1971 ಮುಗಿಯುವುದರೊಳಗೆ ಹೊರಡುತ್ತೇವೆ ಅಂದರು. 1968ರ ಜನವರಿ 16ರಂದು ಪ್ರಧಾನಿ ವಿಲ್ಸನ್ ಅದನ್ನು ಸಂಸತ್ತಿನಲ್ಲೂ ಹೇಳಿದರು. ಮಂತ್ರಿಗೇನು, ವಿಮಾನ ಹತ್ತಿ ಹೋದರು. ಮರುದಿನ ಅದೇ ಶೇಖ್‌ನ ಮಜಲಿಸ್‌ನಲ್ಲಿ (ದರ್ಬಾರಿನ ಚಾವಡಿಯಲ್ಲಿ) ಕೂತು ಕಾಫಿ ಕುಡಿಯಬೇಕಾದ ಏಜೆಂಟನ ಪಾಡು ಯೋಚಿಸು.

ಅಬುಧಾಬಿಯ ಶೇಖ್ ಝಾಯೆದ್ 'ಸೈನ್ಯದ ಖರ್ಚು ನಾವೇ ಕೊಡುತ್ತೇವೆ, ಇರಿ' ಅಂದರು. ರಕ್ಷಣಾ ಮಂತ್ರಿ ಡೆನಿಸ್ ಹೀಲಿ ಟೀವಿಯಲ್ಲಿ, ಶೇಖ್‌ಗಳಿಗೆ ಬಿಳಿಯರನ್ನು ಮಾರುವ ದಲ್ಲಾಳಿ ನಾನಾಗಲಾರೆ ಎಂಬರ್ಥದ ಮಾತಾಡಿದರು. ದುಡ್ಡು ಕೊಡುತ್ತೇನೆ ಅಂದವನಿಗೆ ಸಿಕ್ಕಿದ ಮರ್ಯಾದೆ ಇದು!

ಮರ್ಯಾದೆ ಅಂದಾಗ ನೆನಪಾಯಿತು. ನೇಮದಲ್ಲಿ ಯಾವ ಗುತ್ತಿನವರನ್ನು ಮೊದಲು ಕರೆಯಬೇಕು, ಪ್ರಸಾದ ಮೊದಲು ಯಾರ ಕೈಗೆ ಅಂತ ನಮ್ಮಲ್ಲಿ ತಲೆಮಾರುಗಟ್ಟಲೆ ಮಾತು ಬಿಟ್ಟವರಿದ್ದಾರೆ ಅಲ್ವಾ? ಶೇಖ್‌ಗಳ ನಡುವೆಯೂ ಅಂಥದ್ದೇ. ಏಜೆಂಟರ ಹೆಚ್ಚಿನ ಕೆಲಸ ಹುಕುಂ ಹೊರಡಿಸುವುದಲ್ಲ, ಇದನ್ನೆಲ್ಲ ಸಂಭಾಳಿಸುವುದು. ಜೂಲಿಯನ್ ವಾಕರ್ ಎಂಬ ಯುವ ಅಧಿಕಾರಿ 1950ರ ದಶಕದಲ್ಲಿ ಗಡಿ ಗುರುತಿಸಲು ಮರಳುಗಾಡು, ಬೆಟ್ಟ ಎಲ್ಲ ಅಲೆದರು. ಎಣ್ಣೆ ಕಂಪನಿಗಳಿಗೆ ಯಾವ ಜಾಗ ಯಾರದ್ದು ಅಂತ ಗೊತ್ತಾಗಬೇಕಿತ್ತು. ಸಿಕ್ಕಿದ ಬುಡಕಟ್ಟಿನ ಹಿರಿಯರನ್ನು ಕೇಳುವುದು: ಈ ಬಾವಿ ಯಾರದ್ದು? ನೀವು ಝಕಾತ್ ತೆರಿಗೆ ಕೊಡುವುದು ಯಾರಿಗೆ? ನಿಷ್ಠೆ ಎಲ್ಲಿಯೋ ಗಡಿ ಅಲ್ಲಿ. ಆ ಲೆಕ್ಕದಲ್ಲಿ ಬರೆದ ನಕ್ಷೆ ತೇಪೆ ಹಾಕಿದ ಹಾಗಿದೆ. ಪುಟ್ಟ ಅಜ್ಮಾನ್ ಮೂರು ತುಂಡು. ಶಾರ್ಜಾದ ನಹ್ವಾ ಎಂಬ ಹಳ್ಳಿಯ ಸುತ್ತ ಒಮಾನಿನ ಮದ್ಹಾ, ಮದ್ಹಾದ ಸುತ್ತ ಮತ್ತೆ ಎಮಿರೇಟ್ಸ್. ಇವತ್ತಿಗೂ ಹಾಗೇ ಇದೆ.

ಆದರೆ ಗಂಟು ಬಿಚ್ಚಿದ್ದು ಶೇಖ್‌ಗಳೇ. ಅಬುಧಾಬಿ, ದುಬೈ 1945ರಿಂದ 1948ರ ತನಕ ಗಡಿಗಾಗಿ ಹೊಡೆದಾಡಿದ್ದವು. ವಿಲ್ಸನ್ ಘೋಷಣೆಯಾಗಿ ಒಂದು ತಿಂಗಳು ಕಳೆದದ್ದಷ್ಟೇ, ಫೆಬ್ರವರಿ 18ಕ್ಕೆ ಝಾಯೆದ್ ಮತ್ತು ದುಬೈಯ ರಾಶಿದ್ ಎರಡೂ ರಾಜ್ಯಗಳ ನಡುವಿನ ಮರಳಿನಲ್ಲಿ ಡೇರೆ ಹಾಕಿ ಕೂತರು. ಒಂದಾಗುತ್ತೇವೆ ಅಂತ ತೀರ್ಮಾನಿಸಿಯೇ ಎದ್ದರು. ಸಮುದ್ರದ ಗಡಿಯನ್ನೂ ಅಂದೇ ಇತ್ಯರ್ಥ ಮಾಡಿದರು. ಅದರಲ್ಲಿ ಫತೇಹ್ ಎಣ್ಣೆ ಬಾವಿ ಪೂರ್ತಿ ದುಬೈ ಪಾಲಿಗೆ ಹೋಯಿತು. ಬಿಟ್ಟುಕೊಟ್ಟದ್ದು ಶ್ರೀಮಂತನಾದ ಝಾಯೆದ್. ನನ್ನ ಪ್ರಕಾರ ಇಡೀ ಕತೆಯ ಕೀಲಿ ಇರುವುದು ಇಲ್ಲಿ.

ಆಮೇಲೆ ಬಹರೇನ್, ಕತಾರ್ ಸೇರಿ ಒಂಬತ್ತು ಜನ ಕೂತರು. ರಾಜಧಾನಿ ಎಲ್ಲಿ, ಯಾರಿಗೆ ಎಷ್ಟು ಓಟು ಅಂತ ಮೂರು ವರ್ಷ ಎಳೆದಾಡಿದರು. 1970ರಲ್ಲಿ ಸರ್ ವಿಲಿಯಂ ಲೂಸ್ ಅವರನ್ನು ಲಂಡನ್ ಮತ್ತೆ ಕಳಿಸಿತು. ಮೊದಲು ಏಡನ್‌ನ (ಈಗಿನ ಯೆಮೆನ್‌ನ ಬಂದರು) ಗವರ್ನರ್, ಆಮೇಲೆ ಕೊಲ್ಲಿಯ ರೆಸಿಡೆಂಟ್ ಆಗಿದ್ದವರು, ಎಲ್ಲರ ಪರಿಚಯ ಇದ್ದವರು. ಮನೆಯಿಂದ ಮನೆಗೆ ಓಡಾಡಿ ಪುಸಲಾಯಿಸಿದರು. ಆದರೂ 1971ರ ಆಗಸ್ಟ್‌ನಲ್ಲಿ ಬಹರೇನ್, ಸೆಪ್ಟೆಂಬರ್‌ನಲ್ಲಿ ಕತಾರ್ ಬೇರೆಯಾದವು. ಉಳಿದ ಆರು ಸೇರಿ ಡಿಸೆಂಬರ್ 2ರಂದು ದುಬೈಯ ಜುಮೇರಾದಲ್ಲಿ ಒಕ್ಕೂಟ ಘೋಷಿಸಿದವು. ಕೊನೆಯ ರೆಸಿಡೆಂಟ್ ಜೆಫ್ರಿ ಆರ್ಥರ್ ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದರು.

ಪ್ರಶ್ನೆ: ಏಡನ್‌ನಲ್ಲಿ ಮಾತ್ರ ಯಾಕೆ ರಕ್ತಪಾತ? ಅಲ್ಲೂ ಒಕ್ಕೂಟ ಮಾಡಿದ್ದರಲ್ಲ? (ಕಾರ್ಕಳದ ಓದುಗರು)

ಉತ್ತರ: ಮಾಡಿದ್ದರು, ಅದೇ ತೊಂದರೆ. 1959ರಲ್ಲಿ ಸುತ್ತಲಿನ ಸುಲ್ತಾನರನ್ನು, ಅಮೀರರನ್ನು ಸೇರಿಸಿ ಅಧಿಕಾರಿಗಳೇ ಒಕ್ಕೂಟ ಹೊಲಿದರು. 1963ರಲ್ಲಿ ಏಡನ್ ಪಟ್ಟಣವನ್ನೂ ಅದಕ್ಕೆ ಜೋಡಿಸಿದರು. ಏಡನ್ ದೊಡ್ಡ ಬಂದರು, ಕಾರ್ಮಿಕ ಸಂಘಗಳ ಊರು. ಅಲ್ಲಿಯವರಿಗೆ ಬೆಟ್ಟದ ಸುಲ್ತಾನರ ಜೊತೆ ಸಂಸಾರ ಬೇಡವಾಗಿತ್ತು. ಸುಲ್ತಾನರಿಗೋ, ಬ್ರಿಟಿಷರ ಬಂದೂಕು ಮತ್ತು ಸಂಬಳವೇ ಆಧಾರ.

1964ರಲ್ಲಿ ಸ್ವಾತಂತ್ರ್ಯದ ಜೊತೆ ರಕ್ಷಣಾ ಒಪ್ಪಂದವೂ ಉಂಟು ಅಂದಿದ್ದರು. 1966ರ ಫೆಬ್ರವರಿಯಲ್ಲಿ ಲಂಡನ್‌ನಿಂದ ಲಾರ್ಡ್ ಬೆಸ್ವಿಕ್ ಬಂದು ಒಪ್ಪಂದ ಇಲ್ಲ ಅಂದರು. ಬುಡಕಟ್ಟಿನ ನಾಯಕನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾ? ಬ್ರಿಟಿಷರ ಜೊತೆ ನಿಂತವನು ನಾಳೆ ಒಂಟಿ. 1967ರ ಬೇಸಗೆ ಮುಗಿಯುವಾಗ ಬ್ರಿಟಿಷರ ವಿರುದ್ಧ ಬಂದೂಕು ಹಿಡಿದಿದ್ದ ಎನ್‌ಎಲ್‌ಎಫ್ (ರಾಷ್ಟ್ರೀಯ ವಿಮೋಚನಾ ರಂಗ) ನವರು ಒಂದೊಂದೇ ರಾಜ್ಯ ಹಿಡಿದರು. ಕೆಲವು ಸುಲ್ತಾನರು ವಿದೇಶದಲ್ಲಿದ್ದಾಗಲೇ ಸಿಂಹಾಸನ ಹೋಯಿತು. ಬ್ರಿಟಿಷ್ ಸೈನ್ಯ ಅಡ್ಡ ಬರಲಿಲ್ಲ.

ಕೊನೆಯ ಹೈಕಮಿಷನರ್ ಹಂಫ್ರಿ ಟ್ರೆವೆಲಿಯನ್ ನಮ್ಮಲ್ಲಿ ಐಸಿಎಸ್ ಆಗಿದ್ದವರು. ನಮ್ಮ ಸಂಸ್ಥಾನಗಳ ರಾಜರಿಗೆ ಬ್ರಿಟಿಷರು ಕೊಟ್ಟ ಮಾತನ್ನು ಮಡಚಿಡುವುದನ್ನು ಅವರು 1947ರಲ್ಲೇ ನೋಡಿದ್ದರು. ನವೆಂಬರ್ 28ರಂದು ಅವರು ಹೊರಟರು. ಎರಡು ದಿನಕ್ಕೆ ಏಡನ್ ಸ್ವತಂತ್ರ.

ಪ್ರಶ್ನೆ: ಶೇಖ್ ಮಾತು ಕೇಳದಿದ್ದರೆ? (ಕಾಪುವಿನಿಂದ, ಒಂದೇ ಸಾಲಿನ ಕಾರ್ಡು)

ಉತ್ತರ: ಬ್ರಿಟಿಷರು ಶೇಖ್‌ನನ್ನೇ ಬದಲಾಯಿಸುತ್ತಿದ್ದರು. ಮನೆತನದವರೇ ಬೇಡ ಅಂದರು ಎಂಬ ಕಾಗದ ಕೈಯಲ್ಲಿ ಇಟ್ಟುಕೊಂಡೇ! ಶಾರ್ಜಾದ ಸಕ್ರ್ ಅರಬ್ ಲೀಗ್ ಕಡೆಗೆ ವಾಲಿದರು, 1965ರಲ್ಲಿ ಹೊರಗೆ. ಅಬುಧಾಬಿಯ ಶಖ್‌ಬೂತ್ ಎಣ್ಣೆಯ ಹಣ ಖರ್ಚು ಮಾಡಲು ಮನಸ್ಸು ಮಾಡಲಿಲ್ಲ, 1966ರ ಆಗಸ್ಟ್‌ನಲ್ಲಿ ಅವರೂ ಇಳಿದರು, ತಮ್ಮ ಝಾಯೆದ್ ಬಂದರು. ಝಾಯೆದ್ ವಿಷಯದಲ್ಲಿ ಎಣಿಕೆ ಸರಿಹೋಯಿತು. ಶಾರ್ಜಾದಲ್ಲಿ ಹಾಗಾಗಲಿಲ್ಲ. ಸಕ್ರ್ 1972ರ ಜನವರಿಯಲ್ಲಿ ತಿರುಗಿ ಬಂದು ಅರಮನೆಗೆ ನುಗ್ಗಿದಾಗ, ಆಳುತ್ತಿದ್ದ ಖಾಲಿದ್ ಕೊಲೆಯಾದರು.

ಪ್ರಶ್ನೆ: ಡಿಸೆಂಬರ್ 2ಕ್ಕೆ ಆರೇ ಅಂದಿರಿ. ಏಳನೆಯದು? (ಅದೇ ಸುರತ್ಕಲ್‌ನ ವಿದ್ಯಾರ್ಥಿನಿ)

ಉತ್ತರ: ರಾಸ್ ಅಲ್ ಖೈಮಾ. ಅಬುಧಾಬಿ, ದುಬೈಗೆ ಕೊಟ್ಟಷ್ಟೇ ಅಧಿಕಾರ ತನಗೂ ಬೇಕು ಅಂತ ಹೊರಗೆ ನಿಂತಿತ್ತು. 1971ರ ನವೆಂಬರ್ 30ರಂದು ಇರಾನ್ ಅದರ ಎರಡು ತುಂಬ್ ದ್ವೀಪಗಳನ್ನು ಹಿಡಿಯಿತು. ಬ್ರಿಟಿಷರ ರಕ್ಷಣೆಯ ಮಾತು ಆಗ ಕಾಗದದಲ್ಲಿ ಇನ್ನೂ ಜೀವಂತ. ಅವರ ನೌಕಾಪಡೆ ಅಲುಗಲಿಲ್ಲ. ಒಂಟಿಯಾಗಿ ಬಾಳುವುದು ಕಷ್ಟ ಅಂತ ಗೊತ್ತಾಗಿ 1972ರ ಫೆಬ್ರವರಿ 10ರಂದು ರಾಸ್ ಅಲ್ ಖೈಮಾ ಒಕ್ಕೂಟ ಸೇರಿತು. ದ್ವೀಪಗಳು ಇವತ್ತಿಗೂ ಇರಾನಿನ ಕೈಯಲ್ಲೇ ಇವೆ.